ಬೋಧನಾ ಅನುದಾನದಲ್ಲಿ ಮೊದಲು ಕೇಳಬೇಕಾದದ್ದು ಸಮಯ

ಪ್ರಶ್ನೆ: ನಾನು ಪದವಿ ತರಗತಿಗಳಿಗೆ ಪರಿಸರ ರಸಾಯನ ವಿಜ್ಞಾನ ಬೋಧಿಸುತ್ತೇನೆ. ಎರಡನೆಯ ವರ್ಷದ ತರಗತಿಯಲ್ಲಿ 120 ವಿದ್ಯಾರ್ಥಿಗಳಿದ್ದಾರೆ. ನಮ್ಮ ವಿಶ್ವವಿದ್ಯಾಲಯವು ನವೀನ ಬೋಧನೆಗಾಗಿ ಒಂದು ವರ್ಷದ ಅನುದಾನ ಪ್ರಕಟಿಸಿದೆ. ಕೆರೆಯೊಂದರ ನೀರನ್ನು ವಿದ್ಯಾರ್ಥಿಗಳೇ ಪರೀಕ್ಷಿಸಿ ವರದಿ ಬರೆಯುವ ಯೋಜನೆಯೊಂದನ್ನು ನಡೆಸಬೇಕೆಂಬುದು ನನ್ನ ಆಸೆ. ಕಳೆದ ವರ್ಷ ಹನ್ನೆರಡು ಡಿಜಿಟಲ್ ಮೀಟರ್‌ಗಳನ್ನು ಕೇಳಿ ಅರ್ಜಿ ಹಾಕಿದ್ದೆ. ‘ಫಲಿತಾಂಶವನ್ನು ಅಳೆಯುವ ವಿಧಾನ ಸ್ಪಷ್ಟವಾಗಿಲ್ಲ’ ಎಂಬ ಒಂದು ಸಾಲಿನ ಷರಾದೊಂದಿಗೆ ತಿರಸ್ಕೃತವಾಯಿತು. ಹೊಸ ತಂತ್ರಜ್ಞಾನದ ಹೆಸರಿಲ್ಲದಿದ್ದರೆ ಹಣ ಸಿಗುವುದಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಇನ್ನೊಂದೆಡೆ, ಸಿಲಬಸ್ ಮುಗಿಯುವುದಿಲ್ಲ, ವಿದ್ಯಾರ್ಥಿಗಳು ದೂರುತ್ತಾರೆ ಎಂಬ ಭಯ. ಬಡ್ತಿಗೆ ಪರಿಗಣಿಸುವುದು ಸಂಶೋಧನಾ ಲೇಖನಗಳನ್ನು ಮಾತ್ರ. ಇಷ್ಟೆಲ್ಲ ಇರುವಾಗ ಮತ್ತೆ ಅರ್ಜಿ ಹಾಕಬೇಕೇ?

ಉತ್ತರ: ಹಾಕಿ. ಆದರೆ ಕಳೆದ ವರ್ಷದ ಅರ್ಜಿಯನ್ನೇ ತಿದ್ದಿ ತೀಡಿ ಕಳುಹಿಸಬೇಡಿ. ನೀವು ಹೇಳಿಕೊಂಡಿರುವ ಕೆರೆಯ ಯೋಜನೆ ಸೊಗಸಾಗಿದೆ. ಕಳೆದ ವರ್ಷ ಅದನ್ನು ಸಮಿತಿಯ ಮುಂದೆ ಮೀಟರ್ ಖರೀದಿಯ ಪಟ್ಟಿಯಾಗಿ ಇಟ್ಟಿದ್ದೀರಿ. ಬೋಧನಾ ಅನುದಾನದ ಆಯ್ಕೆ ಸಮಿತಿಗಳಲ್ಲಿ ಹಲವು ವರ್ಷ ಕುಳಿತಿದ್ದೇನೆ. ಅನುದಾನ ಪಡೆದ ಅಧ್ಯಾಪಕರ ಜೊತೆ ತರಗತಿಗಳಲ್ಲೂ ಕೆಲಸ ಮಾಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಇಂಥ ಹಣದಿಂದ ಕೊಳ್ಳಬಹುದಾದವುಗಳಲ್ಲಿ ಅಧ್ಯಾಪಕರ ಸಮಯಕ್ಕಿಂತ ಬೆಲೆಬಾಳುವುದು ಬೇರೊಂದಿಲ್ಲ. ಅರ್ಜಿಗಳಲ್ಲಿ ಕಾಣಸಿಗುವುದು ಮಾತ್ರ ಪ್ರೊಜೆಕ್ಟರ್, ಸಾಫ್ಟ್‌ವೇರ್, ಮೀಟರ್, ಕ್ಯಾಮೆರಾ.

ನಿಮ್ಮ ಪತ್ರದಲ್ಲಿ ನಾಲ್ಕು ಆತಂಕಗಳಿವೆ: ತಂತ್ರಜ್ಞಾನ, ಅಳತೆ, ಸಿಲಬಸ್ ಹಾಗೂ ವಿದ್ಯಾರ್ಥಿಗಳ ಅಸಮಾಧಾನ, ಬಡ್ತಿ. ಇವು ಒಂದೇ ತೂಕದವಲ್ಲ. ಮೊದಲನೆಯದು ಹೆಚ್ಚುಕಡಿಮೆ ಮಿಥ್ಯೆ. ಕೊನೆಯದು ನಿಜವಾದ ಅಪಾಯ. ನಡುವಿನವನ್ನು ಸರಿಯಾದ ಯೋಜನೆಯಿಂದ ನಿಭಾಯಿಸಬಹುದು.

ನಂಬಿಕೆಗಳು ಮತ್ತು ಸಾಕ್ಷ್ಯ

ತಂತ್ರಜ್ಞಾನ ಇಲ್ಲದೆ ಅನುದಾನವಿಲ್ಲ ಎಂಬ ಮಾತು ಎಲ್ಲ ವಿಶ್ವವಿದ್ಯಾಲಯಗಳ ಮೊಗಸಾಲೆಗಳಲ್ಲೂ ಕೇಳಿಬರುತ್ತದೆ. ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1991ರಲ್ಲಿ ತಮ್ಮ ತರಗತಿಯಲ್ಲಿ ತಂದ ಬದಲಾವಣೆಯನ್ನು ನೋಡಿ. ಉಪನ್ಯಾಸದ ನಡುವೆ ಒಂದು ಪರಿಕಲ್ಪನೆಯ ಪ್ರಶ್ನೆ ಕೇಳುವುದು, ಪ್ರತಿಯೊಬ್ಬರೂ ತಮ್ಮ ಉತ್ತರ ಸೂಚಿಸುವುದು, ಪಕ್ಕದವರೊಂದಿಗೆ ವಾದಿಸುವುದು, ಮತ್ತೆ ಉತ್ತರಿಸುವುದು, ಇಷ್ಟೇ. ಮುಂದೆ ಇದಕ್ಕೆ ಗುಂಡಿ ಒತ್ತಿ ಉತ್ತರ ಸೂಚಿಸುವ ಎಲೆಕ್ಟ್ರಾನಿಕ್ ಕ್ಲಿಕ್ಕರ್‌ಗಳು ಬಂದವು. ಕ್ಲಿಕ್ಕರ್ ಬಳಸಿದ ತರಗತಿಯನ್ನು ಬರಿಯ ರಟ್ಟಿನ ಕಾರ್ಡ್ ಎತ್ತಿ ತೋರಿಸಿದ ತರಗತಿಯೊಂದಿಗೆ ಹೋಲಿಸಿದ 2008ರ ಅಧ್ಯಯನದಲ್ಲಿ ಕಲಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಲಿಸಿದ್ದು ವಾದ, ಯಂತ್ರ ಎಣಿಕೆಯನ್ನು ಸುಲಭ ಮಾಡಿತು. ಅನುಭವಿ ಸಮಿತಿಗಳಿಗೆ ಇದು ಗೊತ್ತಿರುತ್ತದೆ. ಸಲಕರಣೆಗಳೇ ತುಂಬಿದ ಅರ್ಜಿ ಬಂದಾಗ ಅಲ್ಲಿ ಕೇಳಿಬರುವ ಮೊದಲ ಪ್ರಶ್ನೆ, ‘ಇದನ್ನು ಹಿಡಿದುಕೊಂಡು ವಿದ್ಯಾರ್ಥಿ ಏನು ಮಾಡುತ್ತಾನೆ?’

ಅರ್ಜಿಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಇನ್ನೊಂದು ಮಿಥ್ಯೆಯಿದೆ; ನೀವು ಅದನ್ನು ಬರೆಯುವ ಮೊದಲೇ ಎಚ್ಚರಿಸುತ್ತೇನೆ. ‘ಓದಿದ್ದರಲ್ಲಿ ಶೇಕಡ 10, ಕೇಳಿದ್ದರಲ್ಲಿ 20, ಸ್ವತಃ ಮಾಡಿದ್ದರಲ್ಲಿ 90 ನೆನಪಿರುತ್ತದೆ’ ಎಂಬ ‘ಕಲಿಕೆಯ ಪಿರಮಿಡ್’. ಈ ದುಂಡು ಅಂಕಿಗಳ ಹಿಂದೆ ನಂಬಲರ್ಹ ಸಂಶೋಧನೆ ಇಲ್ಲ. ಎಡ್ಗರ್ ಡೇಲ್ 1946ರಲ್ಲಿ ಪ್ರಕಟಿಸಿದ ಶಂಕುವಿನ ಚಿತ್ರವೇ ಇದರ ಮೂಲವೆಂದು ಹೇಳುವುದುಂಟು, ಆದರೆ ಅವರ ಚಿತ್ರದಲ್ಲಿ ಶೇಕಡಾವಾರು ಇರಲೇ ಇಲ್ಲ. ಅಂಕಿಗಳನ್ನು ಆಮೇಲೆ ಯಾರೋ ಅಂಟಿಸಿದರು. ಶಿಕ್ಷಣ ಸಂಶೋಧನೆ ಬಲ್ಲ ಒಬ್ಬರೇ ಒಬ್ಬರು ಸಮಿತಿಯಲ್ಲಿದ್ದರೂ ಈ ಚಿತ್ರ ನಿಮ್ಮ ಇಡೀ ಅರ್ಜಿಯ ಮೇಲಿನ ವಿಶ್ವಾಸವನ್ನು ಕೆಡಿಸುತ್ತದೆ. ‘ದೃಶ್ಯ ಕಲಿಯುವವರು, ಶ್ರವ್ಯ ಕಲಿಯುವವರು’ ಎಂಬ ವಿಂಗಡಣೆಯನ್ನೂ ಕೈಬಿಡಿ. ಅದಕ್ಕೆ ತಕ್ಕಂತೆ ಬೋಧಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ಗಟ್ಟಿ ಆಧಾರ ಬೇಕೆಂದರೆ ಅದು ಬೇರೆಡೆ ಇದೆ. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಉಪನ್ಯಾಸ ಮಾತ್ರ ನಡೆಯುವ ತರಗತಿಗಳಲ್ಲಿ ಅನುತ್ತೀರ್ಣರಾಗುವವರು ಶೇಕಡ 34ರ ಹತ್ತಿರವಿದ್ದರೆ, ವಿದ್ಯಾರ್ಥಿಗಳು ಸಕ್ರಿಯವಾಗಿ ತೊಡಗುವ ತರಗತಿಗಳಲ್ಲಿ ಶೇಕಡ 22ರ ಹತ್ತಿರವಿದ್ದರು. ನಿಮ್ಮ ಪ್ರಸ್ತಾವನೆಯ ಹಿನ್ನೆಲೆಗೆ ಇಷ್ಟು ಸಾಕು.

ಆದರೆ ‘ಕೈಯಾರೆ ಮಾಡಿದರೆ ತಾನಾಗಿ ಕಲಿಯುತ್ತಾರೆ’ ಎಂದುಕೊಳ್ಳುವುದೂ ತಪ್ಪು. ನಿಮ್ಮ ಯೋಜನೆಗೆ ಇದು ತೀರ ಮುಖ್ಯವಾದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ನತಾಶಾ ಹೋಮ್ಸ್, ಕಾರ್ಲ್ ವೀಮನ್ ಮೊದಲಾದವರು ಮೂರು ವಿದ್ಯಾಸಂಸ್ಥೆಗಳ ಒಂಬತ್ತು ಭೌತವಿಜ್ಞಾನ ಪ್ರಯೋಗಾಲಯ ಕೋರ್ಸ್‌ಗಳನ್ನು ಪರಿಶೀಲಿಸಿದರು. ಉಪನ್ಯಾಸದಲ್ಲಿ ಹೇಳಿದ್ದನ್ನು ಪ್ರಯೋಗಾಲಯದಲ್ಲಿ ‘ದೃಢಪಡಿಸುವುದು’ ಆ ಕೋರ್ಸ್‌ಗಳ ಗುರಿಯಾಗಿತ್ತು. ಪ್ರಯೋಗಾಲಯಕ್ಕೆ ಹೋದವರಿಗೂ ಹೋಗದವರಿಗೂ ಆ ವಿಷಯಗಳ ಪರೀಕ್ಷಾ ಪ್ರಶ್ನೆಗಳಲ್ಲಿ ಅಳೆಯುವಷ್ಟು ವ್ಯತ್ಯಾಸ ಕಂಡುಬರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಅಂಥ ಪ್ರಯೋಗದಲ್ಲಿ ಏನನ್ನು ಅಳೆಯಬೇಕು, ಎಷ್ಟು ಬಾರಿ ಅಳೆಯಬೇಕು, ಉತ್ತರ ಎಷ್ಟು ಬರಬೇಕು ಎಂಬುದೆಲ್ಲ ಕೈಪಿಡಿಯಲ್ಲೇ ಅಚ್ಚಾಗಿರುತ್ತದೆ. ಕೈ ಕೆಲಸ ಮಾಡುತ್ತದೆ. ತಲೆಗೆ ನಿರ್ಧರಿಸಲು ಏನೂ ಉಳಿದಿರುವುದಿಲ್ಲ. ಹಾಗೆಂದು ಹೊಸಬರನ್ನು ಯಾವ ಮಾರ್ಗದರ್ಶನವೂ ಇಲ್ಲದೆ ಬಿಟ್ಟರೂ ಕಲಿಯುವುದಿಲ್ಲ. ಏನು ಮಾಡಬೇಕೆಂದು ತಿಳಿಯದೆ ಗೊಂದಲದಲ್ಲೇ ಶಕ್ತಿ ಕಳೆದುಕೊಳ್ಳುತ್ತಾರೆ. ಅಳೆಯುವ ವಿಧಾನವನ್ನು ಚೆನ್ನಾಗಿ ಹೇಳಿಕೊಡಿ, ತೀರ್ಮಾನವನ್ನು ಅವರಿಗೆ ಬಿಡಿ.

ಕೆರೆಯ ದಂಡೆಯಲ್ಲಿ

ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ತೆಗೆದುಕೊಳ್ಳಿ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು; 30 ಡಿಗ್ರಿಯಲ್ಲಿ ಸುಮಾರು 7.5. ಇಷ್ಟನ್ನು ಉಪನ್ಯಾಸದಲ್ಲಿ ಕೇಳಿದ ವಿದ್ಯಾರ್ಥಿ, ಮಧ್ಯಾಹ್ನ ನೀರು ಬಿಸಿಯಾದಾಗ ಆಮ್ಲಜನಕ ಕಡಿಮೆ ಇರಬೇಕು ಎಂದು ತರ್ಕಿಸುತ್ತಾನೆ. ಪಾಚಿ ತುಂಬಿದ ಕೆರೆಯಲ್ಲಿ ಆಗುವುದು ತದ್ವಿರುದ್ಧ. ಹಗಲಿನ ದ್ಯುತಿಸಂಶ್ಲೇಷಣೆಯಿಂದ ಮಧ್ಯಾಹ್ನದ ಹೊತ್ತಿಗೆ ಆಮ್ಲಜನಕ ಏರಿರುತ್ತದೆ, ಕೆಲವೊಮ್ಮೆ ಆ ಮಿತಿಯನ್ನೂ ದಾಟಿರುತ್ತದೆ. ರಾತ್ರಿಯೆಲ್ಲ ಪಾಚಿಯೂ ಸೂಕ್ಷ್ಮಜೀವಿಗಳೂ ಉಸಿರಾಡಿ ನಸುಕಿನ ಹೊತ್ತಿಗೆ ಅದು ತಳ ಮುಟ್ಟಿರುತ್ತದೆ.

ನಿಮ್ಮ 120 ಮಂದಿಯನ್ನು ಒಂದೇ ದಿನ ದಂಡೆಯ ಮೇಲೆ ನಿಲ್ಲಿಸುವುದು ಹೇಗೂ ಸಾಧ್ಯವಿಲ್ಲ. ಅದನ್ನೇ ಅನುಕೂಲವಾಗಿ ಬಳಸಿಕೊಳ್ಳಿ. ನಾಲ್ವರ ಮೂವತ್ತು ಗುಂಪು ಮಾಡಿ, ಹತ್ತು ಹತ್ತು ಗುಂಪುಗಳ ಮೂರು ತಂಡಗಳನ್ನು ಕಟ್ಟಿ. ಒಂದು ತಂಡ ಬೆಳಗಿನ ಜಾವ, ಒಂದು ಮಧ್ಯಾಹ್ನ, ಒಂದು ಸಂಜೆ ಹೋಗಲಿ. ಯಾವ ಗುಂಪಿನ ಬಳಿಯೂ ಪೂರ್ಣ ಉತ್ತರ ಇರುವುದಿಲ್ಲ. ಅಂಕಿಗಳನ್ನೆಲ್ಲ ಒಂದೇ ಹಾಳೆಯಲ್ಲಿ ಸೇರಿಸಿದಾಗ ಒಬ್ಬರ 3, ಇನ್ನೊಬ್ಬರ 10 ಎದುರುಬದುರಾಗುತ್ತವೆ. ‘ನಿಮ್ಮದು ತಪ್ಪು ಅಳತೆ’ ಎಂದು ಒಬ್ಬರು, ‘ನಿಮ್ಮದೇ’ ಎಂದು ಇನ್ನೊಬ್ಬರು. ತಪ್ಪು ಉಪಕರಣದ್ದೋ, ಕೈಯದ್ದೋ, ಅಥವಾ ಕೆರೆಯೇ ಹಾಗೆ ಬದಲಾಗುತ್ತಿದೆಯೋ? ಬೇರೆ ಬೇರೆ ದಿನ ಹೋಗಿದ್ದರೆ ಮೋಡ, ಮಳೆಯ ಪಾಲೆಷ್ಟು? ಈ ಜಗಳ ನಡೆಯುವ ಒಂದು ಗಂಟೆಯೇ ನಿಮ್ಮ ಯೋಜನೆಯ ಜೀವಾಳ. ಅರ್ಜಿಯಲ್ಲಿ ವರ್ಣಿಸಬೇಕಾದದ್ದು ಆ ಗಂಟೆಯನ್ನು. ದಯವಿಟ್ಟು ಆ ಗಂಟೆಯಲ್ಲಿ ಉತ್ತರ ಹೇಳಿಬಿಡುವ ಆಸೆಯನ್ನು ತಡೆದುಕೊಳ್ಳಿ.

ಇದಕ್ಕೆ ಹನ್ನೆರಡು ಮೀಟರ್ ಬೇಡ. ಹಂಗೇರಿಯ ರಸಾಯನ ವಿಜ್ಞಾನಿ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ನಂಬಿಕಸ್ತ: ಬಾಟಲಿಯಲ್ಲಿ ಗಾಳಿಗುಳ್ಳೆ ಸೇರದಂತೆ ನೀರು ತುಂಬಿ, ದಂಡೆಯಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ಹಾಕಿ, ಕಂದು ಪ್ರಕ್ಷೇಪ ಇಳಿದ ಮೇಲೆ ಆಮ್ಲ ಸೇರಿಸಿ, ಪ್ರಯೋಗಾಲಯಕ್ಕೆ ತಂದು, ಪಿಷ್ಟವನ್ನು ಸೂಚಕವಾಗಿ ಬಳಸಿ, ಥಯೋಸಲ್ಫೇಟ್‌ನೊಂದಿಗೆ ಟೈಟ್ರೇಷನ್ ಮಾಡುವುದು, ಅಂದರೆ ಬಣ್ಣ ಹೋಗುವವರೆಗೆ ಹನಿ ಹನಿಯಾಗಿ ಸೇರಿಸಿ ಎಷ್ಟು ಬೇಕಾಯಿತೆಂದು ಅಳೆಯುವುದು. ಪಿಷ್ಟದ ನೀಲಿ ಬಣ್ಣ ಒಂದೇ ಹನಿಗೆ ಮಾಯವಾಗುವುದನ್ನು ನೋಡಿದವರಿಗೆ ಆ ಅಂಕಿ ಎಲ್ಲಿಂದ ಬಂತೆಂಬುದು ತಿಳಿದಿರುತ್ತದೆ. ಹೋಲಿಕೆಗೆ ಎರಡು ಮೀಟರ್ ಇದ್ದರೆ ಸಾಕು. ಮೀಟರ್ ಕೊಂಡರೆ ಅದರ ಮುಂದಿನ ಖರ್ಚನ್ನೂ ಬರೆಯಿರಿ. ಉದಾಹರಣೆಗೆ, ನೀರಿನ ಆಮ್ಲೀಯತೆ ಅಳೆಯುವ ಪಿಎಚ್ ಮೀಟರಿನ ಎಲೆಕ್ಟ್ರೋಡನ್ನು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡಬೇಕು. ತೊಳೆದು ಭಟ್ಟಿ ಇಳಿಸಿದ ನೀರಿನಲ್ಲಿ ಇಟ್ಟುಬಿಟ್ಟರೆ ಅಥವಾ ಒಣಗಲು ಬಿಟ್ಟರೆ ಅದು ಹಾಳಾಗುತ್ತದೆ. ಮಾಪನಾಂಕ ಹೊಂದಿಸುವ ಬಫರ್ ದ್ರಾವಣಗಳು ಮುಗಿಯುತ್ತವೆ. ಒಂದು ವರ್ಷದ ಅನುದಾನದಲ್ಲಿ ಕೊಂಡು ಎರಡನೆಯ ವರ್ಷ ಬೀರುವಿನಲ್ಲಿ ಬೀಗ ಹಾಕಿಟ್ಟ ಉಪಕರಣಗಳನ್ನು ನಾನು ಎಷ್ಟೋ ವಿಭಾಗಗಳಲ್ಲಿ ಕಂಡಿದ್ದೇನೆ. ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. ನೋಡಿದಾಗಲೆಲ್ಲ ಸಂಕಟವಾಗುತ್ತದೆ, ಏಕೆಂದರೆ ಆ ಹಣಕ್ಕೆ ಒಬ್ಬ ಸಹಾಯಕನ ಇಡೀ ಅವಧಿಯ ಗೌರವಧನ ಬರುತ್ತಿತ್ತು.

ಇಲ್ಲಿಗೆ ಸಮಯದ ಮಾತು ಬಂತು. ಮೂರು ಕ್ಷೇತ್ರ ಭೇಟಿ, ಮೂವತ್ತು ವರದಿ, ಪ್ರತಿ ಗುಂಪಿನೊಂದಿಗೆ ಕನಿಷ್ಠ ಎರಡು ಸಲ ಕುಳಿತು ಚರ್ಚೆ. ಒಬ್ಬರಿಂದ ಆಗುವ ಕೆಲಸವಲ್ಲ. ಬಜೆಟ್‌ನ ಅತಿ ದೊಡ್ಡ ಸಾಲು ಎರಡಕ್ಕೆ ಹೋಗಲಿ: ನಿಮ್ಮ ಒಂದು ಕೋರ್ಸಿನ ಬೋಧನಾ ಭಾರವನ್ನು ಆ ಅವಧಿಗೆ ಬೇರೆಯವರಿಗೆ ವಹಿಸುವ ವೆಚ್ಚ, ಮತ್ತು ಹಿರಿಯ ವಿದ್ಯಾರ್ಥಿ ಸಹಾಯಕರ ಗೌರವಧನ. ಇದೇ ಕೋರ್ಸನ್ನು ಹಿಂದಿನ ವರ್ಷ ಚೆನ್ನಾಗಿ ಮುಗಿಸಿದವರನ್ನು ಕಲಿಕಾ ಸಹಾಯಕರನ್ನಾಗಿ ತರುವ ಪದ್ಧತಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್‌ನಲ್ಲಿ ವ್ಯವಸ್ಥಿತವಾಗಿ ಬೆಳೆದು ಅನೇಕ ಕಡೆ ಹರಡಿದೆ. ಅವರಿಗೆ ವಾರಕ್ಕೊಮ್ಮೆ ನಿಮ್ಮೊಂದಿಗೆ ಸಿದ್ಧತಾ ಸಭೆ ಇರಬೇಕು. ಇಲ್ಲವಾದರೆ ಅವರೂ ಉತ್ತರ ಹೇಳಿಕೊಡುವವರಾಗಿಬಿಡುತ್ತಾರೆ. ಉಳಿದಂತೆ ಪ್ರಯಾಣ, ರಾಸಾಯನಿಕ, ಗಾಜಿನ ಸಾಮಾನು, ಕೈಗವಸು, ಕನ್ನಡಕ, ನೀರಿನ ಅಂಚಿನ ಸುರಕ್ಷತೆ. ವಿಂಕ್ಲರ್ ವಿಧಾನದಲ್ಲಿ ಪ್ರಬಲ ಸಲ್ಫ್ಯೂರಿಕ್ ಆಮ್ಲವಿದೆ ಎಂಬುದನ್ನು ಸಮಿತಿ ಕೇಳುವ ಮೊದಲೇ ನೀವೇ ಹೇಳಿ.

ಅಳತೆ

ತಿರಸ್ಕಾರಕ್ಕೆ ಕಾರಣವಾದ ಆ ಒಂದು ಸಾಲು ಕಟುವಾಗಿದ್ದರೂ ನ್ಯಾಯವಾದದ್ದು. ಹೆಚ್ಚಿನವರು ‘ವಿದ್ಯಾರ್ಥಿಗಳ ಅಭಿಪ್ರಾಯ ಸಂಗ್ರಹಿಸಲಾಗುವುದು’ ಎಂದು ಬರೆದು ಮುಗಿಸುತ್ತಾರೆ. ಅಭಿಪ್ರಾಯ ಬೇರೆ, ಕಲಿಕೆ ಬೇರೆ. ಹಾರ್ವರ್ಡ್‌ನಲ್ಲಿ ಲೂಯಿ ಡೆಲೋರಿಯೇ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಕ್ರಿಯ ತರಗತಿಯ ವಿದ್ಯಾರ್ಥಿಗಳು ಹೆಚ್ಚು ಕಲಿತರು, ಆದರೆ ತಾವು ಕಡಿಮೆ ಕಲಿತೆವೆಂದು ಭಾವಿಸಿದರು. ನುಣುಪಾದ ಉಪನ್ಯಾಸ ಕೇಳುವಾಗ ಎಲ್ಲವೂ ಅರ್ಥವಾದಂತೆ ತೋರುತ್ತದೆ; ತಾನೇ ತಿಣುಕುವಾಗ ತನಗೇನೂ ಬಾರದು ಎನಿಸುತ್ತದೆ. ನಿಮ್ಮ ಮೂರನೆಯ ಭಯದ ಬೇರು ಇಲ್ಲಿದೆ. ಆದ್ದರಿಂದ ಮೊದಲ ತರಗತಿಯಲ್ಲೇ ಈ ಅಧ್ಯಯನವನ್ನು ವಿದ್ಯಾರ್ಥಿಗಳ ಮುಂದಿಡಿ: ಕಷ್ಟವೆನಿಸುವುದು ಸಹಜ, ಅದು ಕಲಿಯುತ್ತಿಲ್ಲ ಎಂಬುದರ ಲಕ್ಷಣವಲ್ಲ ಎಂದು ತಿಳಿಸಿ. ನಾಲ್ಕನೆಯ ವಾರದ ಹೊತ್ತಿಗೆ ಹೆಸರಿಲ್ಲದ ಚೀಟಿಯಲ್ಲಿ ‘ಏನು ಅಡ್ಡಿಯಾಗುತ್ತಿದೆ?’ ಎಂದು ಕೇಳಿ, ಒಂದನ್ನಾದರೂ ಬದಲಿಸಿ, ಬದಲಿಸಿದ್ದನ್ನು ಹೇಳಿ. ಆಗಲೂ ಕೆಲವರು ದೂರುತ್ತಾರೆ. ಗುಂಪಿನಲ್ಲಿ ಕೆಲಸ ಮಾಡದೆ ಅಂಕ ಪಡೆಯುವವರ ಬಗೆಗಿನ ದೂರು ಮಾತ್ರ ನ್ಯಾಯವಾದದ್ದು. ವರದಿ ಗುಂಪಿನದಾಗಿದ್ದರೂ, ಪ್ರತಿಯೊಬ್ಬರಿಂದ ಒಂದು ಪುಟದ ಸ್ವಂತ ವಿವರಣೆ ಪಡೆದು ಅದಕ್ಕೆ ಬೇರೆ ಅಂಕ ಕೊಡಿ.

ಕಲಿಕೆಯನ್ನು ಅಳೆಯಲು ದೊಡ್ಡ ಯಂತ್ರಾಂಗ ಬೇಡ. ಪರಿಕಲ್ಪನೆಯ ಹತ್ತು ಹದಿನೈದು ಪ್ರಶ್ನೆಗಳ ಒಂದೇ ಪರೀಕ್ಷೆಯನ್ನು ಅವಧಿಯ ಆರಂಭದಲ್ಲೂ ಕೊನೆಯಲ್ಲೂ ಕೊಡಿ. ಭೌತವಿಜ್ಞಾನದವರು ಬಳಸುವ ಸರಳ ಲೆಕ್ಕವೊಂದಿದೆ: ಏರಿದ ಅಂಕವನ್ನು, ಏರಲು ಇದ್ದ ಅವಕಾಶದಿಂದ ಭಾಗಿಸುವುದು. ಆರಂಭದಲ್ಲಿ ಸರಾಸರಿ ಶೇಕಡ 40, ಕೊನೆಯಲ್ಲಿ 70 ಎಂದಾದರೆ, 60ರ ಅವಕಾಶದಲ್ಲಿ 30 ಗಳಿಸಿದ್ದಾರೆ, ಗಳಿಕೆ 0.5. ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸ್‌ಗಳ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಹೀಗೆ ನೋಡಿದಾಗ ಸಾಂಪ್ರದಾಯಿಕ ತರಗತಿಗಳ ಸರಾಸರಿ 0.23, ಸಂವಾದಾತ್ಮಕ ತರಗತಿಗಳದ್ದು 0.48 ಇತ್ತು. ಅವು ಭೌತವಿಜ್ಞಾನದ ಯಂತ್ರಶಾಸ್ತ್ರದ (ಮೆಕ್ಯಾನಿಕ್ಸ್) ಅಂಕಿಗಳು, ನಿಮ್ಮ ವಿಷಯಕ್ಕೆ ಗುರಿಯಾಗಿ ಇಟ್ಟುಕೊಳ್ಳಬೇಡಿ. ನಿಮ್ಮದೇ ಹಿಂದಿನ ಎರಡು ಮೂರು ವರ್ಷಗಳ ಪರೀಕ್ಷಾ ಪ್ರಶ್ನೆಗಳಲ್ಲಿ ಕೆಲವನ್ನು ಹಾಗೆಯೇ ಉಳಿಸಿಕೊಂಡು ಹೋಲಿಸುವುದು ಇನ್ನೂ ಒಳ್ಳೆಯದು.

ಪರೀಕ್ಷೆಯ ಮಾತು ಬಂದಾಗ ಇನ್ನೊಂದು ವಿಷಯವನ್ನು ಹೇಳಲೇಬೇಕು, ಏಕೆಂದರೆ ಹೆಚ್ಚಿನ ಯೋಜನೆಗಳು ಸೋಲುವುದು ಇಲ್ಲಿ. ವರ್ಷವಿಡೀ ಕೆರೆಯ ಬಳಿ ಯೋಚಿಸಲು ಕಲಿಸಿ, ಕೊನೆಯ ಪರೀಕ್ಷೆಯಲ್ಲಿ ‘ಕರಗಿದ ಆಮ್ಲಜನಕದ ವ್ಯಾಖ್ಯಾನ ಬರೆಯಿರಿ’ ಎಂದು ಕೇಳಿದರೆ, ಬುದ್ಧಿವಂತ ವಿದ್ಯಾರ್ಥಿ ವ್ಯಾಖ್ಯಾನ ಬಾಯಿಪಾಠ ಮಾಡುತ್ತಾನೆ. ಅದು ಅವನ ಸೋಮಾರಿತನವಲ್ಲ, ಸರಿಯಾದ ಲೆಕ್ಕಾಚಾರ. ಯೋಜನೆಗೆ ನೂರರಲ್ಲಿ ಐದು ಅಂಕವಿದ್ದರೆ ಐದು ಅಂಕದಷ್ಟೇ ಮನಸ್ಸು ಸಿಗುತ್ತದೆ. ಪ್ರಶ್ನೆಪತ್ರಿಕೆ ನಿಮ್ಮ ಕೈಯಲ್ಲಿಲ್ಲದಿದ್ದರೆ, ಆಂತರಿಕ ಮೌಲ್ಯಮಾಪನದ ಎಷ್ಟು ಪಾಲು ನಿಮ್ಮ ಕೈಯಲ್ಲಿದೆ ಎಂಬುದನ್ನು ಅರ್ಜಿ ಬರೆಯುವ ಮೊದಲು ವಿಭಾಗದ ಮುಖ್ಯಸ್ಥರೊಂದಿಗೆ ಖಚಿತಪಡಿಸಿಕೊಳ್ಳಿ.

ಸಿಲಬಸ್? ಪ್ರಾಮಾಣಿಕ ಉತ್ತರ: ಏನನ್ನಾದರೂ ಬಿಡಲೇಬೇಕಾಗುತ್ತದೆ. ಓದಿ ತಿಳಿಯಬಹುದಾದ ಎರಡು ಮೂರು ಭಾಗಗಳನ್ನು ಉಪನ್ಯಾಸದಿಂದ ತೆಗೆದು, ಓದಿಗೆ ಕೊಟ್ಟು, ಐದು ನಿಮಿಷದ ಕಿರು ಪರೀಕ್ಷೆ ಇಡಿ. ಯಾವುದನ್ನು, ಏಕೆ ಎಂದು ಅರ್ಜಿಯಲ್ಲೇ ಬರೆಯಿರಿ. ‘ಏನನ್ನೂ ಬಿಡದೆ ಎಲ್ಲವನ್ನೂ ಮಾಡುತ್ತೇವೆ’ ಎಂಬ ಅರ್ಜಿಯನ್ನು ಸಮಿತಿ ನಂಬುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳು

ಇಡೀ ಕೋರ್ಸನ್ನೇ ಹೊಸದಾಗಿ ಕಟ್ಟುವುದು ಒಂದು ದಾರಿ. ಫಲ ದೊಡ್ಡದು. ಆದರೆ ಮೊದಲ ವರ್ಷ ಎಲ್ಲವೂ ಏಕಕಾಲಕ್ಕೆ ಎಡವುತ್ತದೆ, ನಿಮ್ಮ ಸಂಶೋಧನೆ ನಿಂತುಹೋಗುತ್ತದೆ. ಬಡ್ತಿ ಸಮೀಪದಲ್ಲಿದ್ದರೆ ಅಥವಾ ಹುದ್ದೆ ಇನ್ನೂ ಖಾಯಂ ಆಗಿಲ್ಲದಿದ್ದರೆ ಇದು ಬೇಡವೆಂದೇ ಹೇಳುತ್ತೇನೆ.

ನಾನು ಸೂಚಿಸುವುದು ಒಂದೇ ಘಟಕವನ್ನು, ಆರೇಳು ವಾರಗಳ ಮಟ್ಟಿಗೆ, ಮೇಲೆ ಹೇಳಿದಂತೆ ಬದಲಿಸುವುದನ್ನು. ಎಡವಿದರೂ ಕೋರ್ಸ್ ನಿಲ್ಲುವುದಿಲ್ಲ, ಹೋಲಿಕೆಗೆ ಹಳೆಯ ಅಂಕಗಳಿರುತ್ತವೆ. ಚಿಕ್ಕದಾದ್ದರಿಂದ ಗಮನ ಸೆಳೆಯದು ಎಂಬುದು ಇದರ ಕೊರತೆ. ಮಿತವಾದ ಮೊತ್ತ ಕೇಳಿ ಸ್ಪಷ್ಟ ಅಳತೆ ತೋರಿಸುವ ಅರ್ಜಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ.

ಇದರೊಂದಿಗೆ ಒಬ್ಬ ಸಹೋದ್ಯೋಗಿಯನ್ನು ಸಹ ಅರ್ಜಿದಾರರನ್ನಾಗಿ ಸೇರಿಸಿಕೊಳ್ಳಲು ಪ್ರಯತ್ನಿಸಿ. ಒಬ್ಬರ ಉತ್ಸಾಹದ ಮೇಲೆ ನಿಂತ ಯೋಜನೆ ಅವರ ವರ್ಗಾವಣೆಯೊಂದಿಗೆ ಮುಗಿಯುತ್ತದೆ. ಚಾರ್ಲ್ಸ್ ಹೆಂಡರ್ಸನ್ ಮತ್ತು ಸಂಗಡಿಗರು 2011ರಲ್ಲಿ ಬೋಧನಾ ಸುಧಾರಣೆ ಕುರಿತ 191 ಲೇಖನಗಳನ್ನು ಪರಿಶೀಲಿಸಿ, ಉತ್ತಮ ಪಠ್ಯಸಾಮಗ್ರಿ ತಯಾರಿಸಿ ಹಂಚುವುದರಿಂದಾಗಲಿ ಮೇಲಿನಿಂದ ಆದೇಶ ಹೊರಡಿಸುವುದರಿಂದಾಗಲಿ ಬೋಧನೆ ಬದಲಾಗುವುದಿಲ್ಲ ಎಂದು ಕಂಡುಕೊಂಡರು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೀಮನ್ 2007ರಲ್ಲಿ ಆರಂಭಿಸಿದ ಕಾರ್ಯಕ್ರಮ ಹಣವನ್ನು ವಿಭಾಗಗಳಿಗೇ ಕೊಟ್ಟು, ಅಧ್ಯಾಪಕರ ಪಕ್ಕದಲ್ಲಿ ಕುಳಿತು ಕೋರ್ಸ್ ಬದಲಿಸುವ ತಜ್ಞರನ್ನು ನೇಮಿಸಿತ್ತು. ಅಲ್ಲಿಯೂ ಕೊಂಡದ್ದು ಜನರ ಸಮಯವನ್ನೇ. ಜಂಟಿ ಅರ್ಜಿಯಲ್ಲಿ ಜವಾಬ್ದಾರಿ ಸಡಿಲವಾಗುವ ಅಪಾಯವಿದೆ. ಯಾರು ಯಾವ ವಾರ ಏನು ಮಾಡುತ್ತಾರೆಂಬುದನ್ನು ಮೊದಲೇ ಬರೆದುಕೊಳ್ಳಿ.

ಬಡ್ತಿಯ ವಿಚಾರದಲ್ಲಿ ನಿಮಗೆ ಸುಳ್ಳು ಸಮಾಧಾನ ಹೇಳಲಾರೆ. ಅನೇಕ ಕಡೆ ಒಳ್ಳೆಯ ಬೋಧನೆಗೆ ಚಪ್ಪಾಳೆ ಸಿಗುತ್ತದೆ, ಅಂಕ ಸಿಗುವುದಿಲ್ಲ. ಬೋಧನಾ ಭಾರ ಇಳಿಸುವ ಭರವಸೆಯನ್ನು ಮುಖ್ಯಸ್ಥರಿಂದ ಬರಹದಲ್ಲಿ ಪಡೆಯಿರಿ. ಕಲಿಕೆಯ ಅಂಕಿಅಂಶಗಳನ್ನು ವಿಜ್ಞಾನ ಶಿಕ್ಷಣದ ಸಂಶೋಧನಾ ಪತ್ರಿಕೆಗಳಲ್ಲಿ ಲೇಖನವಾಗಿ ಪ್ರಕಟಿಸಬಹುದು, ಅದು ನಿಮ್ಮ ಸಂಶೋಧನೆಯ ಲೆಕ್ಕಕ್ಕೂ ಬರಬಹುದು. ಆದರೆ ಅದಕ್ಕೆ ವಿದ್ಯಾರ್ಥಿಗಳ ಒಪ್ಪಿಗೆ ಮತ್ತು ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಮೊದಲೇ ಇರಬೇಕು. ಅವಧಿ ಮುಗಿದ ಮೇಲೆ ಕೇಳಿದರೆ ಬಹುತೇಕ ಕಡೆ ದೊರೆಯುವುದಿಲ್ಲ.

ಅರ್ಜಿಯ ಕೊನೆಯಲ್ಲಿ ಎರಡನೆಯ ವರ್ಷಕ್ಕೆ ಒಂದು ಪುಟ ಮೀಸಲಿಡಿ: ರಾಸಾಯನಿಕಗಳ ಖರ್ಚನ್ನು ಯಾವ ಲೆಕ್ಕದಿಂದ ಭರಿಸುತ್ತೀರಿ, ಸಹಾಯಕರಿಗೆ ಗೌರವಧನವಿಲ್ಲದಿದ್ದರೆ ಶೈಕ್ಷಣಿಕ ಕ್ರೆಡಿಟ್ ಕೊಡಬಹುದೇ, ಯಾವ ಭಾಗವನ್ನು ಕೈಬಿಟ್ಟರೂ ಯೋಜನೆ ಮುಂದುವರಿಯುತ್ತದೆ. ಹಳೆಯ ಅರ್ಜಿಯ ಬಗ್ಗೆ ಸಮಿತಿಯ ವಿವರವಾದ ಟಿಪ್ಪಣಿಯನ್ನೂ ಲಿಖಿತವಾಗಿ ಕೇಳಿ. ಕೇಳಿದವರಿಗೆ ಕೊಡುವ ಸಮಿತಿಗಳು ಬಹಳಷ್ಟಿವೆ, ಕೇಳುವವರು ವಿರಳ.

ಈ ಸಲವೂ ಹಣ ಬರದಿದ್ದರೆ, ನಲವತ್ತು ಮಂದಿಯ ಒಂದು ತಂಡದೊಂದಿಗೆ, ಪ್ರಯೋಗಾಲಯದಲ್ಲಿ ಈಗಾಗಲೇ ಇರುವ ಬ್ಯುರೆಟ್ ಮತ್ತು ಬಾಟಲಿಗಳಿಂದಲೇ ಆರಂಭಿಸಿ. ಐದು ಗುಂಪು ಬೆಳಗಿನ ಜಾವ, ಐದು ಗುಂಪು ಮಧ್ಯಾಹ್ನ ಹೋಗಲಿ. ಆರಂಭದ ಮತ್ತು ಕೊನೆಯ ಪರೀಕ್ಷೆಯ ಅಂಕಗಳನ್ನು ಜೋಪಾನವಾಗಿಡಿ. ಮುಂದಿನ ವರ್ಷದ ಅರ್ಜಿಯ ಮೊದಲ ಪುಟದಲ್ಲಿ ಆ ಅಂಕಿಗಳೇ ಇರಲಿ.